ಜೀಪಿನ ನಡುಕ ಹಿಡಿಯುವ ಟೈಲರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ಮುಂದೆ ಹಸಿರು ಜೀಪೊಂದು ಮೂಗು ಮೇಲೆತ್ತಿಕೊಂಡು ನಿಂತಿದೆ. ಅದರ ಚಕ್ರವೇ ನನ್ನ ಸೊಂಟದವರೆಗೆ ಬರುತ್ತದೆ. ಅರವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿ ಬಿಚ್ಚಿ ಗೋಡೆಯ ಬದಿಗೆ ಜೋಡಿಸಿಟ್ಟು, ಒಳಗಿನಿಂದ ಹೊಲಿಗೆ ಮಿಷನ್ನಿನ ಸ್ಟೂಲು ತಂದು ಜೀಪಿನ ಹಿಂಬಾಗಿಲಿಗೆ ಒತ್ತಿ ಇಡುತ್ತಾರೆ. ಅದರ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಕಂಬಿ ಹಿಡಿದು, ಉಸ್ಸಪ್ಪಾ ಎಂದು ಮೇಲೇರಿ ಕೂರುತ್ತಾರೆ. ಕಾಲಡಿಯ ರಬ್ಬರ್ ಚಾಪೆಯನ್ನು ಸುತ್ತಿ ಮೂಲೆಗೆ ತಳ್ಳುತ್ತಾರೆ. ಬರಿಯ ಕಬ್ಬಿಣದ ಮೇಲೆ ಎರಡೂ ಪಾದ ಊರುತ್ತಾರೆ.

"ನೀವೂ ಹತ್ತಿ. ಆದ್ರೆ ಬೂಟು ಬಿಚ್ಚಿ. ಬೂಟು ಹಾಕ್ಕೊಂಡು ಗಾಡಿ ನೋಡೋದು, ಕಿವಿಗೆ ಹತ್ತಿ ತುರುಕಿಕೊಂಡು ಹಾಡು ಕೇಳಿದ ಹಾಗೆ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ. ನಾನು ಬೂಟು ಬಿಚ್ಚುತ್ತೇನೆ. ಕಬ್ಬಿಣ ತಣ್ಣಗಿದೆ. ಒಂದು ಕಾಲುಚೀಲದಲ್ಲಿ ತೂತಿದೆ ಎಂಬುದು ನನಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ವಾಪಸ್ ಬಂದ ಮೇಲೆ ಹೊಲಿದುಕೊಡುತ್ತೇನೆ ಎನ್ನುತ್ತಾರೆ.

ಈ ಬೀದಿಯ ಗ್ಯಾರೇಜಿನವರಿಗೆಲ್ಲ ಇವರು ಟೈಲರಕ್ಕ. ಶೆಡ್ಡಿನ ಅರ್ಧ ಭಾಗ ಇವರ ಹೊಲಿಗೆ ಅಂಗಡಿ. ಇನ್ನರ್ಧ ಇವರ ಮೈದುನನ ವರ್ಕ್‌ಶಾಪು. ಅಲ್ಲಿ ನಡೆಯುವುದು ಒಂದೇ ಕೆಲಸ, ಪ್ರೊಪೆಲ್ಲರ್ ಶಾಫ್ಟಿನ ರಿಪೇರಿ. ಶಾಫ್ಟ್ ಎಂದರೆ ಗಾಡಿಯ ಹೊಟ್ಟೆಯಡಿ ಗಿರಗಿರ ತಿರುಗುತ್ತ, ಗೇರ್ ಬಾಕ್ಸಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕೊಳವೆ. ಅದರ ಎರಡೂ ತುದಿಗೆ ಮಣಿಕಟ್ಟಿನ ಹಾಗೆ ಬಾಗುವ ಒಂದೊಂದು ಕೀಲು. ಈ ಕೀಲಿಗೆ ಮೆಕ್ಯಾನಿಕ್ಕುಗಳು ಕ್ರಾಸು ಎನ್ನುತ್ತಾರೆ. ಮೈದುನ ರಿಪೇರಿ ಮಾಡಿದ ಗಾಡಿಯಲ್ಲಿ ಟೈಲರಕ್ಕ ಬರಿಗಾಲಲ್ಲಿ ಕೂತು ಒಂದು ಸುತ್ತು ಹೋಗಿಬಂದು, "ಸರಿಯಾಗಿದೆ" ಅನ್ನದ ಹೊರತು ಗಾಡಿ ಶೆಡ್ಡು ಬಿಟ್ಟು ಹೋಗುವಂತಿಲ್ಲ. ಬೋರ್ಡಿನ ಮೇಲೆ ಮೈದುನನ ಹೆಸರಿದೆ. ಟೈಲರಕ್ಕನದು ಎಲ್ಲೂ ಇಲ್ಲ.

ಇವತ್ತಿನ ಸುತ್ತು ಮಾತ್ರ ದಿನನಿತ್ಯದ್ದಲ್ಲ. ಈ ಹಸಿರು ಜೀಪು ಮೂರು ಸಲ ಶಾಫ್ಟ್ ಕೆಡಿಸಿಕೊಂಡು ಬಂದಿದೆ. ಇದರ ಈಗಿನ ಒಡತಿ ಹೊಳೆಯಾಚೆಯ ಹಟ್ಟಿಗಳಿಗೆ ಹೋಗಿ ಹಸು ಕುರಿಗಳಿಗೆ ಮದ್ದು ಕೊಡುವ ದನದ ಡಾಕ್ಟರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಇವತ್ತೂ ಸರಿಹೋಗದಿದ್ದರೆ ಜೀಪನ್ನು ಗುಜರಿಗೆ ಹಾಕಿಬಿಡುತ್ತೇನೆ ಎಂದು ಅವರು ಹೇಳಿಬಿಟ್ಟಿದ್ದಾರೆ. ಅವರನ್ನು ದೂರುವಂತೆಯೂ ಇಲ್ಲ, ಓಡುವಾಗ ಶಾಫ್ಟ್ ಕಳಚಿದರೆ ಪ್ರಾಣಕ್ಕೇ ಅಪಾಯ, ಜೀವ ಎಲ್ಲರಿಗೂ ಒಂದೇ. ಆದರೆ ಈ ಜೀಪು ಗುಜರಿಗೆ ಹೋದರೆ ಟೈಲರಕ್ಕನ ಅರ್ಧ ಆಯುಷ್ಯವೂ ಅದರೊಡನೆ ಹೋದಂತೆ. ಒಂದು ಕಾಲಕ್ಕೆ ಇದನ್ನು ಓಡಿಸುತ್ತಿದ್ದವರು ಅವರ ಗಂಡ.

*

ಗಂಡ ಈ ಜೀಪಿನಲ್ಲಿ ಜನ ಸಾಗಿಸುತ್ತಿದ್ದರು. ಪೇಟೆಯಿಂದ ಹೊಳೆಯವರೆಗೆ, ನೀರು ಇಳಿದ ಕಾಲದಲ್ಲಿ ಹೊಳೆ ದಾಟಿ ಆಚೆಗೂ. ಶಾಲೆಯ ಮಕ್ಕಳು, ಈರುಳ್ಳಿ ಮೂಟೆ, ಹೆರಿಗೆ ನೋವಿನ ಹೆಂಗಸರು, ಒಂದು ಸಲ ಹಾರ್ಮೋನಿಯಂ ಸಮೇತ ಒಂದು ಇಡೀ ನಾಟಕದ ತಂಡ. ಹೊಸದಾಗಿ ಮದುವೆಯಾಗಿ ಬಂದ ಟೈಲರಕ್ಕ ಗಂಡನ ಮನೆ ಸೇರಿದ್ದೂ ಇದರಲ್ಲೇ. ಅವತ್ತು ಹೊಸ ಚಪ್ಪಲಿ ಕಚ್ಚುತ್ತಿತ್ತಂತೆ. ಬಿಚ್ಚಿ ಪಾದ ಕೆಳಗಿಟ್ಟಿದ್ದಾರೆ. ಕಬ್ಬಿಣದ ಒಳಗಿಂದ ಸಣ್ಣಗೆ ಜುಂ ಎಂದು ಏನೋ ಕಾಲಿಗೆ ಹತ್ತಿದೆ.

"ಏನ್ರೀ ಇದು ನಡುಗುತ್ತಲ್ಲಾ ಅಂದೆ. ಅದು ಮೊದಲನೇ ಮಾತು ನಾನು ಅವರ ಹತ್ರ ಆಡಿದ್ದು. ಮಿಕ್ಕ ಹೆಣ್ಣುಮಕ್ಕಳು ಏನೇನು ಮಾತಾಡ್ತಾರೋ, ನನ್ನದು ಇದು," ಎಂದು ನಗುತ್ತಾರೆ. "ಅವರು, ಜೀಪು ಅಂದ್ರೆ ಹಾಗೇ, ಅಂದ್ರು. ನಾನೂ ಸರಿ ಅಂದೆ. ಆಮೇಲೆ ಬೇರೆ ಜೀಪಲ್ಲಿ ಕೂತಾಗ ಗೊತ್ತಾಯ್ತು, ಎಲ್ಲಾ ಜೀಪೂ ಹೀಗೆ ನಡುಗಲ್ಲ ಅಂತ. ಅಷ್ಟರಲ್ಲಿ ಅಭ್ಯಾಸ ಆಗಿಹೋಗಿತ್ತು. ನಮ್ಮನೆಯವರ ಗೊರಕೆ ಇದ್ದ ಹಾಗೆ. ಮೊದಮೊದಲು ನಿದ್ದೆ ಬರಲ್ಲ, ಆಮೇಲೆ ಅದು ಇಲ್ದೆ ನಿದ್ದೆ ಬರಲ್ಲ."

ಮಗಳು ಹುಟ್ಟಿದ ಮೇಲೆ ಆ ನಡುಕ ಮನೆಯ ಆಸ್ತಿಯೇ ಆಯಿತು. ಕೂಸು ಚಂಡಿ ಹಿಡಿದು ಅಳುವಾಗ ಗಂಡ ತಾಯಿಮಗುವನ್ನು ಹಿಂದೆ ಕೂರಿಸಿಕೊಂಡು ಜೀಪು ಸ್ಟಾರ್ಟ್ ಮಾಡುತ್ತಿದ್ದರು. ಬೀದಿಯ ತುದಿಗೆ ಹೋಗಿ ತಿರುಗಿ ಬರುವುದರೊಳಗೆ ಅಮ್ಮನ ಕಾಲ ಮೇಲೆ ಮಲಗಿದ ಕೂಸಿಗೆ ನಿದ್ದೆ. ಪಾಪ, ಅಕ್ಕಪಕ್ಕದವರ ನಿದ್ದೆಯ ಲೆಕ್ಕ ಯಾರೂ ಇಟ್ಟಿಲ್ಲ.

ಪಾದದ ವಿದ್ಯೆ ಬಂದಿದ್ದು ಹೊಲಿಗೆ ಮಿಷನ್ನಿನಿಂದ ಎನ್ನುತ್ತಾರೆ ಟೈಲರಕ್ಕ. ಕಾಲಲ್ಲಿ ತುಳಿಯುವ ಹಳೇ ಮಿಷನ್ನು. ಬೆಲ್ಟು ಸಡಿಲವಾದರೆ, ಎಣ್ಣೆ ಆರಿದರೆ, ಸೂಜಿ ಡೊಂಕಾದರೆ ಮೊದಲು ತಿಳಿಯುವುದು ಕಾಲಿಗೇ. ಅಂಥ ಕಾಲು ಗಾಡಿಯ ನೆಲದ ಮೇಲೆ ಸುಮ್ಮನಿರುತ್ತದೆಯೇ? "ಚಕ್ರದ ನಡುಕ ಕಚ್ಚಾ ಹೊಲಿಗೆ ತರ, ಉದ್ದುದ್ದ, ನಿಧಾನ. ಶಾಫ್ಟಿಂದು ಸಣ್ಣ ಹೊಲಿಗೆ. ಟಕಟಕಟಕ ಅಂತ ಒತ್ತೊತ್ತಾಗಿ ಬರುತ್ತೆ. ಇಂಜಿನ್ನಿಂದು ಗಾಡಿ ನಿಂತಿದ್ರೂ ಬರುತ್ತೆ. ಇಷ್ಟೇ. ಇದಕ್ಕೆ ಯಾರೂ ಇಷ್ಟೊಂದು ಬಾಯಿ ಬಿಟ್ಕೊಂಡು ಕೇಳೋದು ಬೇಡ," ಎಂದು ನನ್ನನ್ನೇ ನೋಡುತ್ತಾರೆ.

ಅವರ ಮೈದುನ ಐವತ್ತೈದರ ದಪ್ಪ ಮನುಷ್ಯ. ಗ್ರೀಸು ಅವರ ಚರ್ಮದ ಬಣ್ಣವೇ ಆಗಿಬಿಟ್ಟಿದೆ. ಶಾಫ್ಟಿನ ಕೆಲಸ ಕಲಿತದ್ದು ಅಣ್ಣನಿಂದ. ಗಾಡಿಯ ನಡುಕ ಹಿಡಿಯಲು ಅವರೂ ಹಿಂದೆ ಗೇರ್ ಕಡ್ಡಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. "ಸುತ್ತಿಗೆ ಬೀಸಿ ಬೀಸಿ ನನ್ನ ಕೈ ಮರಗಟ್ಟಿದೆ ಸಾರ್. ಬಿಸಿ ಟೀ ಲೋಟನೇ ಗೊತ್ತಾಗಲ್ಲ, ಇನ್ನು ನಡುಕ ಎಲ್ಲಿಂದ ಗೊತ್ತಾಗ್ಬೇಕು. ಅತ್ತಿಗೆ ಕಾಲು ಇರೋದ್ರಿಂದ ನನ್ನ ಹೊಟ್ಟೆ ತುಂಬ್ತಿದೆ," ಎನ್ನುತ್ತಾರೆ. "ಹೊಟ್ಟೆ ನೋಡಿದ್ರೆ ಗೊತ್ತಾಗುತ್ತೆ, ನನ್ನ ಕಾಲು ಎಷ್ಟು ದುಡಿದಿದೆ ಅಂತ," ಎಂದು ಒಳಗಿನಿಂದ ಟೈಲರಕ್ಕನ ದನಿ ಬರುತ್ತದೆ.

*

ಗಂಡ ಎದೆನೋವಿನಿಂದ ತೀರಿಕೊಂಡ ಮೇಲೆ ಜೀಪು ಶೆಡ್ಡಿನ ಪಕ್ಕದಲ್ಲೇ ನಿಂತಿತ್ತು. ಓಡಿಸುವವರಿಲ್ಲ. ಸೀಟಿನೊಳಗೆ ಇಲಿ ಮರಿಹಾಕಿದವು. ಹೊಲಿಗೆ ಹಾಕುತ್ತ ತಲೆ ಎತ್ತಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. "ಸತ್ತವರನ್ನ ನೆನೆಸ್ಕೋಬಹುದು. ನಿಂತ ಗಾಡೀನ ದಿನಾ ನೋಡೋಕಾಗಲ್ಲ. ಅದಕ್ಕೆ ಡಾಕ್ಟರಮ್ಮ ಕೇಳಿದ ಕೂಡ್ಲೆ ಕೊಟ್ಬಿಟ್ಟೆ. ಹೊಳೆ ದಾಟೋ ಗಾಡಿ ಹೊಳೆ ದಾಟ್ಲಿ ಅಂತ," ಎಂದು ಆ ದಿನಗಳನ್ನು ನೆನೆಯುತ್ತಾರೆ.

ಡಾಕ್ಟರಮ್ಮ ಜೀಪನ್ನು ಎತ್ತರ ಮಾಡಿಸಿದ್ದು ಷೋಕಿಗಲ್ಲ. ಹೊಳೆಯ ಮರಳು ತೆಗೆದೂ ತೆಗೆದೂ ದಾಟುವ ಜಾಗದಲ್ಲಿ ಗುಂಡಿ ಬಿದ್ದಿದೆ. ಹಳೆಯ ಎತ್ತರದಲ್ಲಿ ನೀರು ಬಾಗಿಲ ಮೇಲಿಂದ ಒಳಗೆ ಬರುತ್ತಿತ್ತು. ಹೊಸ ಸ್ಪ್ರಿಂಗ್ ಪಟ್ಟಿ, ದೊಡ್ಡ ಚಕ್ರ ಎಲ್ಲ ಬೇರೆ ಕಡೆ ಹಾಕಿಸಿಕೊಂಡು ಬಂದರು. ಮೈದುನ ಹಣೆ ಚಚ್ಚಿಕೊಂಡರು. "ಗೂಳಿಗೆ ಹೈಹೀಲ್ಡ್ ಚಪ್ಪಲಿ ಹಾಕಿದ ಹಾಗಿತ್ತು. ಗಾಡಿ ಮೈ ಮೇಲಕ್ಕೆ ಹೋಯ್ತು, ಶಾಫ್ಟು ಪಾಪ ಏಣಿ ತರ ಓರೆಯಾಯ್ತು. ಓರೆಯಾದಷ್ಟೂ ಕ್ರಾಸಿಗೆ ಏಟು."

ಏಟು ಬಿತ್ತು. ಮೊದಲ ಸಲ ಹಿಂದಿನ ಕ್ರಾಸು ಪುಡಿಯಾಯಿತು. ಮೈದುನ ಹೊಸದು ಹಾಕಿದರು. ಎರಡನೆಯ ಸಲ ಎರಡೂ ತುದಿಯವು ಹೋದವು. ಆಗ ಸ್ಪ್ರಿಂಗ್ ಪಟ್ಟಿಯ ಕೆಳಗೆ ಕಬ್ಬಿಣದ ಬೆಣೆ ಇಟ್ಟು, ಹಿಂದಿನ ಚಕ್ರಗಳ ನಡುವಿನ ಗೇರಿನಲ್ಲಿ ಶಾಫ್ಟ್ ಬಂದು ಸೇರುವ ಮೂಗನ್ನು ತಿರುಗಿಸಿ ಶಾಫ್ಟಿನ ಓರೆ ಸರಿಮಾಡಿದರು. ಕೆಲಸ ಚೊಕ್ಕವಾಗಿತ್ತು. ಟೈಲರಕ್ಕ ಬರಿಗಾಲಲ್ಲಿ ಕೂತು ಹೋಗಿಬಂದರು. ಇಳಿದವರೇ, "ಸರಿಯಾಗಿದೆ" ಅಂದರು. ಅವತ್ತು ಅವರ ಮುಖ ನೋಡಬೇಕಿತ್ತು, ತವರಿಗೆ ಹೋಗಿಬಂದವರ ಹಾಗಿತ್ತು ಎಂದು ಮೈದುನ ಹೇಳುತ್ತಾರೆ.

ಆ ವಾರವೇ ಮೂರನೆಯದು ನಡೆಯಿತು. ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವೊಂದನ್ನು ನೋಡಿ ಡಾಕ್ಟರಮ್ಮ ವಾಪಸ್ ಬರುತ್ತಿದ್ದಾರೆ. ಹೊಳೆಯ ಮರಳಿನಲ್ಲಿ ಇಳಿಯುತ್ತಿದ್ದಂತೆ ಮುಂದಿನ ಕ್ರಾಸು ಕಳಚಿಕೊಂಡು, ಶಾಫ್ಟಿನ ತುದಿ ಬಿಡುಗಡೆಯಾಗಿ, ಜೀಪಿನ ಹೊಟ್ಟೆಗೆ ದಬದಬ ಹೊಡೆದಿದೆ. ನಿಧಾನವಾಗಿ ಹೋಗುತ್ತಿದ್ದರಿಂದ ನಿಲ್ಲಿಸಲು ಆಯಿತು. ಅದೇ ಡಾಂಬರು ರಸ್ತೆಯಲ್ಲಿ ಜೋರಾಗಿ ಹೋಗುವಾಗ ಆಗಿದ್ದರೆ, ಕಳಚಿದ ಶಾಫ್ಟಿನ ತುದಿ ರಸ್ತೆಗೆ ಚುಚ್ಚಿಕೊಂಡು ಜೀಪನ್ನೇ ಎತ್ತಿ ಒಗೆಯುತ್ತಿತ್ತು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ಜೀಪಿನ ಒಳಗೆ ಟೈಲರಕ್ಕ ಬಗ್ಗಿ ನೋಡಿದರು. ತಾವು ಪಾದ ಊರುವ ಜಾಗದಲ್ಲೇ ಕಬ್ಬಿಣ ಕೆಳಗಿನಿಂದ ಉಬ್ಬಿ, ಮುಷ್ಟಿಯಷ್ಟು ದೊಡ್ಡ ಗುಬುಟು ಎದ್ದಿತ್ತು. ಎರಡು ದಿನ ಮಿಷನ್ನು ತುಳಿಯಲಿಲ್ಲ, ಇನ್ನು ಯಾವ ಗಾಡಿಯಲ್ಲೂ ಕೂರುವುದಿಲ್ಲ ಎಂದು ಮೈದುನನಿಗೆ ಹೇಳಿದರು. "ನಾನು ಸರಿಯಾಗಿದೆ ಅಂದಿದ್ದಕ್ಕೆ ಆ ಹುಡುಗಿ ಹೊಳೆಗೆ ಇಳಿದಿದ್ದು. ಅವಳಿಗೇನಾದ್ರೂ ಆಗಿದ್ರೆ?" ಎಂದು ನನ್ನನ್ನು ಕೇಳುತ್ತಾರೆ.

ಮೂರನೆಯ ದಿನ ಡಾಕ್ಟರಮ್ಮ ಬಂದರು. ಜಗಳಕ್ಕಲ್ಲ, ಜೀಪಿನಲ್ಲಿ ಉಳಿದಿದ್ದ ಔಷಧದ ಪೆಟ್ಟಿಗೆ ಒಯ್ಯಲಿಕ್ಕೆ. ಗುಜರಿಯವರ ಮಾತು ಎತ್ತಿದ್ದು ಆಗಲೇ. ಹೋಗುವ ಮುಂಚೆ ಸುಮ್ಮನೆ ಒಂದು ಪ್ರಶ್ನೆ ಕೇಳಿದರು. ಅದನ್ನು ಅವರ ಬಾಯಲ್ಲೇ ಕೇಳಿ: "ನಾನು ಕೇಳಿದೆ, ಅಮ್ಮಾ, ಸಪಾಟು ರಸ್ತೇಲಿ ಹೋಗುವಾಗ್ಲೂ ಕಾಲಡಿ ಜುಂ ಅನ್ನುತ್ತಲ್ಲ, ಅದೇನು ಅಂತ. ಅಮ್ಮನ ಮುಖ ಅರಳಿಬಿಡ್ತು. ಅದಾ, ಅದು ನಾನು ಮದುವೆಯಾಗಿ ಬಂದಾಗಿನಿಂದ್ಲೂ ಇದೆ, ನಮ್ಮ ಜೀಪಿನ ಗುಣ ಅದು, ಅಂದ್ರು. ಅಂದವರು ಹಾಗೇ ನಿಂತ್ಬಿಟ್ರು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು."

ಟೈಲರಕ್ಕ ಮೈದುನನನ್ನು ಕೂಗಿ ಕರೆದರು. ಆ ಜುಂ ಶಾಫ್ಟಿನ ಸಣ್ಣ ಹೊಲಿಗೆ ಕಣೋ, ಶಾಫ್ಟ್ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹಾಕು ಅಂದರು.

ಇಲ್ಲಿ ಕೆಲಸದ ಒಂದು ಪದ್ಧತಿ ಹೇಳಬೇಕು. ಶಾಫ್ಟ್ ಒಂದೇ ಕೊಳವೆಯಲ್ಲ. ಗಾಡಿ ಕುಣಿದಾಗ ಉದ್ದ ಗಿಡ್ಡ ಆಗಲಿಕ್ಕೆ ಎರಡು ತುಂಡು ಒಂದರೊಳಗೊಂದು ಜಾರುತ್ತವೆ. ಜಾರುವ ಜಾಗದಲ್ಲಿ ಸುತ್ತಲೂ ಹಲ್ಲುಗಳಿವೆ. ಎರಡು ತುದಿಯಲ್ಲಿ ಕ್ರಾಸು ಹಿಡಿಯುವ ಕವಲುಗಳು ಒಂದೇ ನೇರಕ್ಕೆ ಬರುವ ಹಾಗೆ ಹಲ್ಲು ಕೂರಿಸಬೇಕು. ಮರೆಯದಿರಲಿ ಎಂದು ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಉಳಿಯಿಂದ ಗುರುತು ಹೊಡೆಯುತ್ತಾರೆ, ಜೋಡಿಸುವಾಗ ಗುರುತಿಗೆ ಗುರುತು ಸೇರಿಸುತ್ತಾರೆ. ಈ ಶಾಫ್ಟಿನ ಮೇಲೆ ಗುರುತು ಹೊಡೆದವರು ಟೈಲರಕ್ಕನ ಗಂಡ, ಮದುವೆಗೂ ಮುಂಚೆ, ಹಳೆಯ ಜೀಪು ಕೊಂಡು ತಾವೇ ರಿಪೇರಿ ಮಾಡಿಕೊಂಡ ಕಾಲದಲ್ಲಿ. ಗುರುತು ಒಂದು ಹಲ್ಲು ಆಚೆಗೆ ಬಿದ್ದಿತ್ತು. ಅಷ್ಟೇ.

"ತೋಳು ತಿರುಚಿ ಹೊಲಿದ ಅಂಗಿ ಹಾಗಿತ್ತು," ಎನ್ನುತ್ತಾರೆ ಟೈಲರಕ್ಕ. ಜೀಪು ತಗ್ಗಿದ್ದಾಗ ಶಾಫ್ಟ್ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿತ್ತು. ಆಗ ಒಂದು ಹಲ್ಲಿನ ತಪ್ಪು ಬರೀ ಕಚಗುಳಿ. ಎತ್ತರ ಮಾಡಿ ಶಾಫ್ಟ್ ಓರೆಯಾದ ಮೇಲೆ ಅದೇ ಕಚಗುಳಿ ಪ್ರತಿ ಸುತ್ತಿಗೂ ಕ್ರಾಸಿನ ಮೇಲೆ ಸುತ್ತಿಗೆಯ ಏಟಾಯಿತು.

ಮೈದುನ ನೆಲದ ಮೇಲೆ ಕೂತುಬಿಟ್ಟರು. "ಬೇರೆ ಯಾರ ಗಾಡಿ ಆಗಿದ್ರೂ ಕಣ್ಣಲ್ಲಿ ನೋಡಿದ ಕೂಡ್ಲೆ ಗೊತ್ತಾಗ್ತಿತ್ತು ಸಾರ್. ಇದು ಅಣ್ಣನ ಗುರುತು. ಪ್ರತೀ ಸಲ ಕಣ್ಣಿಗೊತ್ತಿಕೊಂಡು ಜೋಡಿಸ್ದೆ. ಗುರುತು ನೋಡ್ದೆ, ಶಾಫ್ಟು ನೋಡ್ಲಿಲ್ಲ."

"ಅವನು ಕಣ್ಣಲ್ಲಿ ಮಾಡಿದ ತಪ್ಪನ್ನ ನಾನು ಕಾಲಲ್ಲಿ ಮಾಡ್ದೆ," ಎನ್ನುತ್ತಾರೆ ಟೈಲರಕ್ಕ. "ಕೂತಿದ್ದೇ ತಡ, ಹಳೇ ನಡುಕ ಬಂತು. ಅವರೇ ಓಡಿಸ್ತಿದಾರೆ ಅನ್ನಿಸ್ತು. ಗಾಡಿ ಸರಿಯಾಗಿದೆಯಾ ಅಂತ ನೋಡೋಕೆ ಕೂತವಳು, ಸುಖವಾಗಿ ಕೂತು ಬಂದೆ."

*

ಇವತ್ತು ಓಡಿಸುತ್ತಿರುವವರು ಮೈದುನ. ಪಕ್ಕದಲ್ಲಿ ಡಾಕ್ಟರಮ್ಮ. ಹಿಂದೆ ಟೈಲರಕ್ಕ ಮತ್ತು ನಾನು ಎದುರುಬದುರು. ಮೂರು ದಿನ ಅತ್ತಿಗೆಯನ್ನು ಕಾಡಿಬೇಡಿ ಗಾಡಿ ಹತ್ತಿಸಿದ್ದೇನೆ ಎನ್ನುತ್ತಾರೆ ಮೈದುನ. ಹೊಸ ಕ್ರಾಸು, ಅದೇ ಬೆಣೆ, ಒಂದು ಹಲ್ಲು ಈಚೆಗೆ ಕೂರಿಸಿದ ಶಾಫ್ಟು. ಎದ್ದಿದ್ದ ಗುಬುಟನ್ನು ಬಡಿದು ಮಟ್ಟ ಮಾಡಿದ್ದಾರೆ. ಟೈಲರಕ್ಕ ಪಾದವನ್ನು ಅದರ ಮೇಲೇ ಊರಿದ್ದಾರೆ.

ಬೀದಿ ದಾಟಿ ಸಪಾಟು ರಸ್ತೆಗೆ ಬರುತ್ತೇವೆ. "ಹಿಡಿ," ಎನ್ನುತ್ತಾರೆ ಟೈಲರಕ್ಕ. ಜೀಪು ವೇಗ ಹಿಡಿಯುತ್ತದೆ. "ಬಿಡು." ಮೈದುನ ಕಾಲು ತೆಗೆಯುತ್ತಾರೆ. "ಮತ್ತೆ ಹಿಡಿ." ನನ್ನ ಪಾದಕ್ಕೆ ಎಲ್ಲವೂ ಒಂದೇ ಗಲಾಟೆ. ಅವರ ಪಾದ ಮಾತ್ರ ಕಬ್ಬಿಣದ ಮೇಲೆ ಅಲ್ಲಿ ಇಲ್ಲಿ ಸರಿಯುತ್ತದೆ, ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ. ಬೆರಳು ಮಡಿಸುತ್ತಾರೆ, ಹಿಮ್ಮಡಿ ಒತ್ತುತ್ತಾರೆ. ಮುಖ ಬಿಗಿಯುತ್ತದೆ. ಆಮೇಲೆ ಕಣ್ಣಲ್ಲಿ ನೀರು.

ಮೈದುನ ಕನ್ನಡಿಯಲ್ಲಿ ನೋಡಿದವರೇ ಗಾಬರಿಯಿಂದ ಬ್ರೇಕು ಒತ್ತುತ್ತಾರೆ. "ಏನಾಯ್ತು ಅತ್ತಿಗೆ? ಇದ್ಯಾ?"

"ಏನೂ ಇಲ್ಲ ಕಣೋ."

"ಮತ್ಯಾಕೆ ಅಳ್ತೀರಾ?"

"ಏನೂ ಇಲ್ಲವಲ್ಲಾ, ಅದಕ್ಕೇ."

ಡಾಕ್ಟರಮ್ಮ ತಿರುಗಿ ನೋಡಿ, ಕೈ ಚಾಚಿ ಅವರ ಮೊಣಕಾಲ ಮೇಲಿಡುತ್ತಾರೆ. ಗಂಡ ಹೋದ ಮೇಲೂ ಈ ಕಬ್ಬಿಣದೊಳಗೆ ಉಳಿದಿದ್ದ ಒಂದು ಚೂರನ್ನು, ತಾವೇ ಹುಡುಕಿ, ತಾವೇ ತೆಗೆಸಿ, ಈಗ ಅದು ನಿಜಕ್ಕೂ ಹೋಯಿತೋ ಇಲ್ಲವೋ ಎಂದು ತಾವೇ ಪರೀಕ್ಷೆ ಮಾಡುತ್ತಿರುವ ಹೆಂಗಸು ಇವರು. ಯಾವ ಕೆಲಸಗಾರರಿಗೂ ಇಂಥ ಕೆಲಸ ಬರಬಾರದು.

ಕಣ್ಣು ಒರೆಸಿಕೊಂಡ ಟೈಲರಕ್ಕ ಅಲ್ಲಿಗೆ ಬಿಡುವುದಿಲ್ಲ. "ಮುಂಚೆ ಒಂದು ಸಲ ಬೇಗ ಹೇಳಿ ಕೆಟ್ಟಿದ್ದೀನಿ. ಹೊಳೆಗೆ ಇಳಿಸು," ಎನ್ನುತ್ತಾರೆ. ಹೊಳೆಗೆ ಇಳಿಯುತ್ತೇವೆ. ನೀರು ಚಕ್ರದ ನಡುವಿನವರೆಗೆ ಬರುತ್ತದೆ, ಜೀಪು ಒಂದು ಕಡೆಗೆ ವಾಲುತ್ತದೆ, ನಾನು ದೇವರನ್ನು ನೆನೆಯುತ್ತೇನೆ, ಅವರು ಶಾಫ್ಟನ್ನು. ಆಚೆ ದಡ ಹತ್ತಿ, ತಿರುಗಿ, ಇನ್ನೊಮ್ಮೆ ಇಳಿದು ಬರುತ್ತೇವೆ. ಮತ್ತೆ ಸಪಾಟು ರಸ್ತೆಯಲ್ಲಿ ಹಿಡಿ, ಬಿಡು, ಹಿಡಿ. ಶೆಡ್ಡಿನ ಮುಂದೆ ಜೀಪು ನಿಂತಾಗ ಬಿಸಿಲು ಏರಿದೆ.

"ಸರಿಯಾಗಿದೆ," ಎನ್ನುತ್ತಾರೆ ಟೈಲರಕ್ಕ. "ತಗೊಂಡು ಹೋಗಿ ಡಾಕ್ಟರಮ್ಮ. ಧೈರ್ಯವಾಗಿ ಹೋಗಿ."

ಡಾಕ್ಟರಮ್ಮ ಕೀಲಿ ತೆಗೆದುಕೊಳ್ಳುವಷ್ಟರಲ್ಲಿ ಟೈಲರಕ್ಕನಿಗೆ ಏನೋ ಹೊಳೆಯುತ್ತದೆ. "ಲೋ, ಹೊಸ ಗುರುತು ಹೊಡೆದ್ಯಲ್ಲ, ಹಳೇದನ್ನ ಏನು ಮಾಡ್ದೆ?"

ಮೈದುನ ಕೈ ಒರೆಸುವ ಬಟ್ಟೆಯನ್ನೇ ನೋಡುತ್ತಾರೆ. "ಇದೆ ಅತ್ತಿಗೆ. ಅಳಿಸೋಕೆ ಕೈ ಬರ್ಲಿಲ್ಲ."

"ನಾಳೆ ಇನ್ಯಾವನೋ ಮೆಕ್ಯಾನಿಕ್ಕು ಎಲ್ಲೋ ಬಿಚ್ತಾನೆ. ಎರಡು ಗುರುತು ನೋಡಿ ಹಳೇದಕ್ಕೇ ಜೋಡಿಸ್ತಾನೆ. ಆಗ?"

ಮೈದುನ ಅಲ್ಲಾಡುವುದಿಲ್ಲ. ಟೈಲರಕ್ಕ ಮೇಜಿನ ಮೇಲಿಂದ ಕಬ್ಬಿಣ ಉಜ್ಜುವ ಅರವನ್ನು ತೆಗೆದುಕೊಳ್ಳುತ್ತಾರೆ. ಎತ್ತರದ ಜೀಪಿನ ಕೆಳಗೆ ಹೆಚ್ಚು ಬಗ್ಗುವ ಅಗತ್ಯವೂ ಇಲ್ಲ, ಚಕ್ಕಳಮಕ್ಕಳ ಹಾಕಿ ಕೂತೇ ಕೆಲಸ ಮಾಡಬಹುದು. ಮೈದುನ ಹಿಂದೆಯೇ ನುಸುಳಿ ಟಾರ್ಚು ಹಿಡಿಯುತ್ತಾರೆ. ಮೊದಲು ಟೈಲರಕ್ಕ ಹೆಬ್ಬೆರಳಿನಿಂದ ಆ ಗುರುತನ್ನು ಒಮ್ಮೆ ಸವರುತ್ತಾರೆ. ಆಮೇಲೆ ಅರ ಆಡಿಸುವ ಸದ್ದು ಕೇಳುತ್ತದೆ. ಬೇಗ ಮುಗಿಯುತ್ತದೆ. ಅಷ್ಟು ಸಣ್ಣ ಗುರುತು ಅದು.

ಜೀಪು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಟೈಲರಕ್ಕ ಬಾಗಿಲಲ್ಲಿ ನಿಂತಿರುತ್ತಾರೆ. ಇಂಥ ಬರಹದ ಕೊನೆಗೆ ನಮ್ಮಂಥವರು ತಪ್ಪದೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮಗೆ ಏನಾದರೂ ಆಸೆ ಇದೆಯೇ?

"ಒಂದಿದೆ. ಈ ಜೀಪು ಮತ್ತೆ ನಮ್ಮ ಶೆಡ್ಡಿಗೆ ಬರಬಾರದು."

"ಅಪರೂಪಕ್ಕಾದರೂ ನೋಡಬೇಕು ಅನ್ನಿಸುವುದಿಲ್ಲವೇ?"

"ಅನ್ಸದೆ ಇರುತ್ತಾ? ದಿನಾ ಅನ್ಸುತ್ತೆ," ಎನ್ನುತ್ತಾರೆ, ರಸ್ತೆಯಿಂದ ಕಣ್ಣು ತೆಗೆಯದೆ. "ಆದ್ರೆ ಅದು ಇಲ್ಲಿಗೆ ಬರೋದು ಮುರಿದಾಗ ಮಾತ್ರ ಅಲ್ವಾ. ಬರದೇ ಇರ್ಲಿ."